ನೀನು ಕಟ್ಟಿಕೊಟ್ಟ ಏಳು ಚೂರು

ನನ್ನ ಕೈ ಹಿಡಿದು ಹೊಲಿಗೆ ಕಲಿಸಿದ ಅಕ್ಕನಿಗೆ,

ಈ ಕಾಗದ ನಿನಗೆ ಸಿಗುವ ಹೊತ್ತಿಗೆ ನಿನ್ನ ಮನೆಯ ಮುಂದಿನ ಕೋಣೆಯಲ್ಲಿ ಹೊಸ ಹೊಲಿಗೆ ಮಷಿನ್ನು ಬಂದು ಕೂತಿರುತ್ತದೆ. ಮೊದಲು ಅದನ್ನು ನೋಡಿಬಿಡು. ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡು, ಬೆಳಕು ಸೂಜಿಯ ಮೇಲೆ ಸರಿಯಾಗಿ ಬೀಳುತ್ತದೋ ನೋಡು, ಮಗಳ ಬೆನ್ನು ತಟ್ಟು. ಆಮೇಲೆ ಒಂದು ಕಡೆ ಕೂತು ಇದನ್ನು ಓದು. ನಿಂತುಕೊಂಡು ಓದುವ ಕಾಗದ ಇದಲ್ಲ.

ಎರಡು ಬಸ್ಸು ಬದಲಿಸಿದರೆ ನಿನ್ನ ಮನೆ ಸಿಗುತ್ತದೆ, ವಾರಕ್ಕೆ ಮೂರು ಸಲ ಫೋನಿನಲ್ಲಿ ಮಾತಾಡುತ್ತೇವೆ, ಇವಳಿಗೆ ಕಾಗದ ಬರೆಯುವ ರೋಗ ಯಾವಾಗ ಬಂತು ಎಂದು ನಗಬೇಡ. ನಿನ್ನ ಎದುರು ಕೂತರೆ ನಾನು ಬೇರೇನೋ ಮಾತಾಡಿ ಎದ್ದು ಬರುತ್ತೇನೆ. ಹನ್ನೊಂದು ವರ್ಷದಿಂದ ಹಾಗೇ ಆಗಿದೆ. ಈಗ ನಿನ್ನ ಮಗಳು ಭಾನುವಾರದವರೆಗೆ ಗಡುವು ಕೊಟ್ಟಿದ್ದಾಳೆ. ಇವತ್ತು ಶುಕ್ರವಾರ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಕತ್ತರಿಸುವ ಮೇಜಿನ ಮೇಲೆಯೇ ಕಾಗದ ಹರಡಿಕೊಂಡು ಕೂತಿದ್ದೇನೆ. ಹೊರಗೆ ಇಬ್ಬರು ಬಂದು ಇಣುಕಿ ಹೋದರು. ಹೋಗಲಿ.

ಕಳೆದ ಸೋಮವಾರ ಅವಳು ಬಂದಳು. ಹೊಲಿಗೆ ತರಗತಿಯ ಎರಡು ವರ್ಷ ಮುಗಿಸಿದ ಜಂಭ ಮುಖದಲ್ಲೆಲ್ಲಾ ಇತ್ತು. ಮನೆಯಲ್ಲೇ ಕೆಲಸ ಶುರು ಮಾಡುತ್ತಾಳಂತೆ, ಒಳ್ಳೆಯ ಮಷಿನ್ನು ಆರಿಸಿಕೊಡಬೇಕಂತೆ. ಅಮ್ಮನನ್ನೇ ಕರೆದುಕೊಂಡು ಹೋಗಬಾರದೇ ಎಂದೆ. ಅವಳು ನೀನು ಹೇಳಿದ್ದನ್ನು ನಿನ್ನ ದನಿಯಲ್ಲೇ ಒಪ್ಪಿಸಿದಳು: "ನನ್ನ ಕೈ ಹೋಗಿ ಎಷ್ಟೋ ಕಾಲ ಆಯ್ತು. ಮಷಿನ್ ವಿಷಯ ನಿನ್ನ ಚಿಕ್ಕಮ್ಮನ್ನ ಕೇಳು. ಅವಳ ಕಣ್ಣಿಗೆ ಬಿದ್ದ ಮಷಿನ್ ಮೋಸ ಮಾಡಲ್ಲ." ನನಗೆ ನೆತ್ತಿಯ ಮೇಲೆ ಯಾರೋ ಕುಟ್ಟಿದ ಹಾಗಾಯಿತು. ಆಮೇಲೆ ಅವಳು ಚೀಲದಿಂದ ಒಂದು ಪುಟ್ಟ ಗಂಟು ತೆಗೆದಳು. ಹಳೆಯ ಕರವಸ್ತ್ರದಲ್ಲಿ ಸುತ್ತಿ, ಮೇಲೆ ಲೇಸಿನ ತುಂಡಿನಿಂದ ಬಿಗಿದ ಗಂಟು. ಬಿಚ್ಚುವ ಮೊದಲೇ ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಏಳು ಚೂರು ಬಟ್ಟೆ.

ಆ ಮೊದಲನೆಯ ಗಂಟು ನಿನಗೆ ನೆನಪಿದೆಯೇ? ಹೋಟೆಲ್ಲಿನವರ ಆರ್ಡರು ಸಿಕ್ಕಿದ ವಾರ. ಸ್ವಾಗತದ ಮೇಜಿನಲ್ಲಿ ಕೂರುವ ಹೆಂಗಸರಿಗೆ ನಲವತ್ತು ಮೇಲಂಗಿ, ಬೂದು ನೀಲಿಯ ಜಾರುಬಟ್ಟೆ, ಹಿಡಿದರೆ ಬೆರಳ ಸಂದಿಯಿಂದ ನುಸುಳುವಂಥದ್ದು. ಅಮ್ಮನ ಕಾಲುಮಷಿನ್ನಿನಲ್ಲಿ ಅಷ್ಟನ್ನೂ ಒಂದು ತಿಂಗಳಲ್ಲಿ ಮುಗಿಸಲು ಆಗುವುದಿಲ್ಲ, ಮೋಟರಿನದು ಬೇಕೇ ಬೇಕು ಎಂದು ಹಟ ಹಿಡಿದವಳು ನಾನು. ಅಮ್ಮನದನ್ನು ಹಳೆಯದಕ್ಕೆ ಹೊಸದು ಎಂದು ಕೊಟ್ಟುಬಿಡೋಣ ಎಂದವಳೂ ನಾನೇ. ನೀನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅದರ ಚಕ್ರವನ್ನು ಒರೆಸಿ, ಸರಿ ಕಣೆ, ಎಂದೆ. ನಿನಗೆ ಆಗ ಜ್ವರ. ಅದಕ್ಕೇ ನನ್ನೊಬ್ಬಳನ್ನೇ ಕಳಿಸಿದೆ. ಕಳಿಸುವಾಗ ತೆಳುವಿನಿಂದ ದಪ್ಪದವರೆಗೆ ಏಳು ಚೂರು ಜೋಡಿಸಿ ಕಟ್ಟಿಕೊಟ್ಟೆ, ಮೊದಲನೆಯದು ಹೋಟೆಲ್ಲಿನ ಜಾರುಬಟ್ಟೆ, ಕೊನೆಯದು ಪ್ಯಾಂಟಿನ ನಾಲ್ಕು ಪದರ. ಹಾಸಿಗೆಯಿಂದಲೇ ಪಾಠ ಮಾಡಿದೆ. ಅಂಗಡಿಯವರು ಗಂಜಿ ಹಾಕಿದ ಬಿಳಿ ಬಟ್ಟೆ ಕೊಡುತ್ತಾರೆ, ಅದರ ಮೇಲೆ ಮುರುಕಲು ಮಷಿನ್ನೂ ಚೆನ್ನಾಗಿ ಹೊಲಿಯುತ್ತದೆ, ಅದನ್ನು ನಂಬಬೇಡ. ನಮ್ಮ ಚೂರುಗಳ ಮೇಲೇ ಹೊಲಿ. ವೇಗವಾಗಿ ಹೊಲಿಯುವುದನ್ನಲ್ಲ, ನಿಧಾನವಾಗಿ ಹೊರಡುವುದನ್ನು ನೋಡು. ಮೇಲಿನ ಹೊಲಿಗೆಗಿಂತ ಕೆಳಗಿನ ಹೊಲಿಗೆ ನೋಡು. ಸದ್ದು ಕೇಳು. ರಿಪೇರಿಯವನು ಮನೆಗೆ ಬರುತ್ತಾನೋ ಕೇಳು. ನನಗೆ ಬಸ್ಸಿನ ಚಿಂತೆ. ಹ್ಞೂಂ ಹ್ಞೂಂ ಎನ್ನುತ್ತಾ ಚಪ್ಪಲಿ ಮೆಟ್ಟಿದ್ದೆ.

ಆ ಅಂಗಡಿಯೊಳಗೆ ಕಾಲಿಟ್ಟಾಗ ನನಗೆ ನನ್ನ ಚಪ್ಪಲಿಯ ಬಗ್ಗೆಯೇ ನಾಚಿಕೆಯಾಯಿತು, ಅಕ್ಕ. ನೆಲದಲ್ಲಿ ಮುಖ ಕಾಣುತ್ತಿತ್ತು. ತಂಪು ಗಾಳಿ, ಸಾಲಾಗಿ ಹಚ್ಚಿದ ದೀಪ, ಟೈ ಕಟ್ಟಿದ ಮಾರಾಟದವನು. ಪಕ್ಕದಲ್ಲಿ ಇಬ್ಬರು ಸಿರಿವಂತ ಹೆಂಗಸರು ಕಸೂತಿ ಮಷಿನ್ನು ನೋಡುತ್ತಿದ್ದರು, ಅವರ ಸೆಂಟಿನ ವಾಸನೆ ನನ್ನವರೆಗೂ ಬರುತ್ತಿತ್ತು. ಅವರ ಎದುರು ಕರವಸ್ತ್ರದ ಗಂಟು ಬಿಚ್ಚಿ ಚಿಂದಿ ಬಟ್ಟೆ ಹರಡುವುದು ನನ್ನಿಂದ ಆಗಲಿಲ್ಲ. ಕೈ ಚೀಲದೊಳಗೆ ಹೋಯಿತು, ಗಂಟು ಮುಟ್ಟಿತು, ಬರಿಗೈ ವಾಪಸ್ಸು ಬಂತು. ನೀವು ಏನೇನು ಹೊಲಿಯುತ್ತೀರಿ ಎಂದು ಅವನು ಕೇಳಿದ. ಜಾರುಬಟ್ಟೆ ಎನ್ನಬೇಕಿತ್ತು. ನಾನು ಆ ಹೆಂಗಸರಿಗೂ ಕೇಳಲಿ ಎಂದು ದನಿ ಏರಿಸಿ, ಎಲ್ಲಾ ಹೊಲೀತೀವಿ, ಪ್ಯಾಂಟು, ಡೇರೆ ಬಟ್ಟೆ, ಎಂಥ ದಪ್ಪಕ್ಕೂ ಜಗ್ಗದ್ದು ಕೊಡಿ, ಎಂದೆ. ಡೇರೆ! ಜನ್ಮದಲ್ಲಿ ನಾವು ಒಂದು ಡೇರೆ ಹೊಲಿದಿಲ್ಲ. ಅವನು ನನ್ನ ಮಾತಿಗೆ ತಕ್ಕ ಮಷಿನ್ನು ತೋರಿಸಿದ, ಗಂಜಿ ಬಟ್ಟೆ ಕೊಟ್ಟ, ಹೊಲಿಗೆ ಗೆರೆ ಎಳೆದ ಹಾಗೆ ಬಂತು. ಅಲ್ಲಿಗೆ ನನ್ನ ಆಯ್ಕೆ ಮುಗಿಯಿತು.

ಬಸ್ಸು ಹತ್ತುವ ಮೊದಲು ನಿನ್ನ ಗಂಟನ್ನು ನಿಲ್ದಾಣದ ಕಸದ ಡಬ್ಬಿಗೆ ಹಾಕಿದೆ. ಮನೆಗೆ ಬಂದರೆ ನೀನು ಮೊದಲು ಕೇಳಿದ್ದೇ ಚೂರುಗಳನ್ನು. ಏಳರ ಮೇಲೂ ಹೊಲಿದೆ, ಎಷ್ಟು ಚೆನ್ನಾಗಿ ಬಂತೆಂದರೆ ಮಾದರಿ ತೋರಿಸಲು ಬೇಕು ಎಂದು ಅಂಗಡಿಯವರೇ ಇಟ್ಟುಕೊಂಡರು, ಎಂದೆ. ಜ್ವರದ ಮುಖದಲ್ಲೂ ನೀನು ಎಷ್ಟು ಹಿಗ್ಗಿದೆ! ನಮ್ಮ ಚೂರು ಅಂಥ ಅಂಗಡಿಯಲ್ಲಿ ಮಾದರಿಯಂತೆ ಎಂದು ಭಾವನಿಗೂ ಹೇಳಿದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ನನಗೇ ಆಶ್ಚರ್ಯವಾಗಿತ್ತು.

ಆಮೇಲಿನ ಮೂರು ವಾರ ನಿನಗೆ ನಾನು ನೆನಪಿಸಬೇಕಿಲ್ಲ. ಕತ್ತರಿಸುವುದು, ಗುಂಡಿ, ಅಂಚು ನನ್ನದು, ಮಷಿನ್ನು ನಿನ್ನದು. ಪಕ್ಕದ ಹೊಲಿಗೆ ಹೊಲಿದರೆ ಉದ್ದಕ್ಕೂ ಸುಕ್ಕು. ನೀನು ಸೂಜಿ ಬದಲಿಸಿದೆ, ದಾರ ಬದಲಿಸಿದೆ, ಬಿಗಿ ಸಡಿಲಿಸಿದೆ, ಬಟ್ಟೆಯ ಕೆಳಗೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಕಾಗದದ ಚೂರುಗಳನ್ನು ಒಂದೊಂದಾಗಿ ಕಿತ್ತೆ. ಆ ವರ್ಷ ನಿನ್ನ ಬಲಗೈ ಬೆರಳುಗಳು ಆಗಾಗ ಜೋಮು ಹಿಡಿಯುತ್ತಿದ್ದವು. ಒಂದು ಮಧ್ಯಾಹ್ನ ಮಷಿನ್ನು ನಿಲ್ಲಿಸಿ ನನ್ನ ಕಡೆ ತಿರುಗಿ ಕೇಳಿದೆ: "ನಿಜ ಹೇಳು, ಅಂಗಡೀಲಿ ಇದೇ ಬಟ್ಟೆ ಹೊಲಿದಾಗ ಸುಕ್ಕು ಬಂದಿತ್ತಾ?" ನಾನು ಗುಂಡಿಯಿಂದ ತಲೆ ಎತ್ತದೆ ಇಲ್ಲ ಎಂದೆ. ನೀನು ಮತ್ತೆ ಮಷಿನ್ನಿನ ಮೇಲೆ ಅನುಮಾನಪಡಲಿಲ್ಲ. ಅನುಮಾನ ಪಡಲು ಇನ್ನೊಂದೇ ಉಳಿದಿತ್ತು, ನಿನ್ನ ಕೈ.

ಹೋಟೆಲ್ಲಿನ ಮೇಲ್ವಿಚಾರಕಿ ಬಂದು ಒಂದು ಅಂಗಿಯನ್ನು ಈ ಮೇಜಿನ ಮೇಲೆಯೇ ಹರಡಿ, ಅಂಗೈಯಲ್ಲಿ ಸವರಿ, ನಲವತ್ತನ್ನೂ ಬೇಡವೆಂದು ಇಲ್ಲೇ ಬಿಟ್ಟುಹೋದಳು. ಅವಳು ಬೈಯಲಿಲ್ಲ. ಬೈದಿದ್ದರೆ ನೀನು ಎದುರು ಮಾತಾಡುತ್ತಿದ್ದೆಯೋ ಏನೋ. "ನಿಮ್ಮ ಹೆಸರು ಕೇಳಿ ಬಂದಿದ್ದೆ" ಎಂದಳು, ಅಷ್ಟೇ.

ಇಲ್ಲಿಯವರೆಗಿನದು ತಪ್ಪು, ಅಕ್ಕ. ಇಷ್ಟೇ ಆಗಿದ್ದರೆ ಯಾವತ್ತೋ ನಿನ್ನ ಎದುರು ಅತ್ತು, ನಿನ್ನಿಂದ ನಾಲ್ಕು ಬೈಗುಳ ತಿಂದು ಮುಗಿಸುತ್ತಿದ್ದೆ. ಇನ್ನು ಬರೆಯುವುದು ತಪ್ಪಲ್ಲ, ಬೇರೆ.

ನೀನು ಕೈ ತೋರಿಸಲು ಆಸ್ಪತ್ರೆಗೆ ಹೋದ ದಿನ ರಿಪೇರಿಯವರು ಬಂದರು. ನಾವಿಬ್ಬರೂ ಎಣ್ಣೆಡಬ್ಬಿ ಎಂದು ಹೆಸರಿಟ್ಟಿದ್ದೆವಲ್ಲ, ಅವರೇ. ಹೊಸ ಮಷಿನ್ನಿಗೆ ಮೊದಲ ಎಣ್ಣೆ ಹಾಕಲು ಬಂದವರು ಪಕ್ಕದಲ್ಲಿ ಬಿದ್ದಿದ್ದ ಅಂಗಿ ನೋಡಿದರು, ಸೂಜಿಯ ಕೆಳಗಿನ ಉಕ್ಕಿನ ಪ್ಲೇಟು ನೋಡಿದರು, ನಕ್ಕರು. "ಯಾರಮ್ಮಾ ಇದನ್ನ ತೆಳು ಬಟ್ಟೆಗೆ ಕೊಟ್ಟಿದ್ದು? ತೂತು ನೋಡಿ ಎಷ್ಟು ಅಗಲ ಇದೆ. ಸೂಜಿ ಜೊತೆ ಬಟ್ಟೆನೂ ಒಳಗೆ ಹೋಗುತ್ತೆ. ದೇವರೇ ಬಂದು ಹೊಲಿದ್ರೂ ಸುಕ್ಕೇ ಬರೋದು." ತಮ್ಮ ಪೆಟ್ಟಿಗೆಯಿಂದ ಸಣ್ಣ ತೂತಿನ ಪ್ಲೇಟು ತೆಗೆದರು, ಬಟ್ಟೆ ಎಳೆಯುವ ಹಲ್ಲನ್ನೂ ನಯವಾದದ್ದಕ್ಕೆ ಬದಲಿಸಿದರು. ಅರ್ಧ ಗಂಟೆಯ ಕೆಲಸ. ಹಳೆಯ ಪ್ಲೇಟನ್ನು ನನ್ನ ಕೈಗಿಟ್ಟು, ಡೇರೆ ಹೊಲಿಯುವಾಗ ಹಾಕಿಕೊಳ್ಳಿ ಎಂದು ಹೋದರು.

ನಾನು ನಿನ್ನ ಜಾಗದಲ್ಲಿ ಕೂತು ಅದೇ ನೀಲಿ ಬಟ್ಟೆಯ ಒಂದು ತುಂಡು ಹೊಲಿದೆ. ನೀರಿನ ಮೇಲೆ ಹೋದ ಹಾಗೆ ಹೋಯಿತು. ಆಗಲೇ ನೀನು ಬಾಗಿಲಲ್ಲಿ ನಿಂತದ್ದು. ಕಾಲಲ್ಲಿ ಚಪ್ಪಲಿ ಇನ್ನೂ ಇತ್ತು, ಕೈಯಲ್ಲಿ ಔಷಧಿಯ ಪೊಟ್ಟಣ. ಅದೇನೂ ದೊಡ್ಡದಲ್ಲ, ಒಂದು ತಿಂಗಳು ಕೈಗೆ ಬಿಡುವು ಕೊಟ್ಟರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಅದನ್ನು ಹೇಳಬೇಕೆಂದು ಬೇಗ ಬೇಗ ಬಂದಿದ್ದೆಯಂತೆ, ಭಾವ ಆಮೇಲೆ ಹೇಳಿದರು. ನೀನು ನನ್ನ ಕೈಯಿಂದ ಆ ತುಂಡನ್ನು ತೆಗೆದುಕೊಂಡೆ. ಹೆಬ್ಬೆರಳಲ್ಲಿ ಹೊಲಿಗೆಯ ಉದ್ದಕ್ಕೂ ಸವರಿದೆ, ತಿರುಗಿಸಿ ಕೆಳಗೂ ಸವರಿದೆ. ಮಷಿನ್ನು ಅದೇ, ಬಟ್ಟೆ ಅದೇ, ಕೂತವಳು ಮಾತ್ರ ಬೇರೆ.

"ಹಾಗಾದ್ರೆ ನನ್ನ ಕೈಯೇ" ಎಂದೆ ನೀನು.

ಪ್ಲೇಟು ನನ್ನ ಮಡಿಲಲ್ಲಿತ್ತು, ಅಕ್ಕ. ಸೆರಗು ಸರಿಪಡಿಸುವವಳಂತೆ ಅದರ ಮೇಲೆ ಬಟ್ಟೆ ಎಳೆದುಕೊಂಡೆ. ಸೂಜಿ ಚುಚ್ಚದಂತೆ ನೀನು ಹಾಕಿಕೊಳ್ಳುತ್ತಿದ್ದ ಬೆರಳಿನ ತೊಡಿಗೆ ಮಷಿನ್ನಿನ ಪಕ್ಕದಲ್ಲಿತ್ತು, ಅದನ್ನು ಎತ್ತಿ ಖಾನೆಯಲ್ಲಿಟ್ಟೆ, ಖಾನೆ ಮುಚ್ಚಿದೆ, ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಒಂದು ತಿಂಗಳಾದ ಮೇಲೂ ಆ ಖಾನೆ ತೆರೆಯಲಿಲ್ಲ. ಆರು ತಿಂಗಳಿಗೆ ಲಾಂಡ್ರಿ ಕಾರ್ಖಾನೆಗೆ ಸೇರಿದೆ. ಅಂದಿನಿಂದ ಬೇರೆಯವರ ಹಾಸಿಗೆ ಹೊದಿಕೆ ಮಡಿಸುತ್ತಿದ್ದೀಯ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೆದರಿಕೆ ಒಂದು. ಅಮ್ಮನ ಮಷಿನ್ನನ್ನು ಕೊಟ್ಟು ಇದನ್ನು ತಂದಿದ್ದೆ, ಅದನ್ನು ನೀನು ಹೇಗೆ ಒರೆಸಿ ಕಳಿಸಿದ್ದೆ ಎಂದು ಕಂಡಿದ್ದೆ. ಇವತ್ತು ಬೇಡ ನಾಳೆ ಹೇಳೋಣ ಎಂದುಕೊಂಡೆ, ನಾಳೆ ಇನ್ನೂ ಕಷ್ಟವಾಯಿತು. ಆದರೆ ಅಷ್ಟೇ ಎಂದು ಬರೆದರೆ ಇದೂ ಇನ್ನೊಂದು ಸುಳ್ಳಾಗುತ್ತದೆ. ಅಲ್ಲಿಯವರೆಗೆ ಅಂಗಡಿಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು, ನಿಮ್ಮಕ್ಕ ಇಲ್ವಾ, ಎನ್ನುತ್ತಿದ್ದರು. ನಾನು ಕಣ್ಣೆದುರಿಗೇ ಕೂತಿದ್ದರೂ. ನೀನು ಬಿಟ್ಟ ಮೇಲೆ ಒಂದು ದಿನ ಒಬ್ಬಾಕೆ ಬಂದು, ನಿಮ್ಮ ಕೈಯಿಂದಲೇ ಆಗಬೇಕು, ಎಂದಳು. ನನಗೆ ಹಿತವಾಯಿತು. ಆ ಹಿತಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೆ, ಅದೂ ಒಂದು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿದೆ. ಎದುರಿಗೆ ಸಿಕ್ಕವರಿಗೆಲ್ಲ, ನನ್ನ ತಂಗಿಯ ಕೈ ಚಿನ್ನ, ಎಂದು ನೀನು ನನ್ನ ಕಡೆ ಗಿರಾಕಿ ಕಳಿಸುತ್ತಿದ್ದೆ. ಅವರು ಬಂದು ಅದನ್ನು ನನಗೇ ಹೇಳುತ್ತಿದ್ದರು.

ಈಗ ಮಂಗಳವಾರಕ್ಕೆ ಬರುತ್ತೇನೆ. ನಿನ್ನ ಮಗಳ ಜೊತೆ ಅಂಗಡಿಗೆ ಹೋದೆ. ಬೇರೆ ಅಂಗಡಿ, ಆದರೆ ನೆಲ ಅಷ್ಟೇ ಹೊಳೆಯುವಂಥದ್ದು. ಅವಳಿಗೆ ಸಾಲಿನಲ್ಲಿ ಮೊದಲನೆಯದೇ ಹಿಡಿಸಿತು, ಗಟ್ಟಿಮುಟ್ಟು, ದೊಡ್ಡ ತಲೆ. ಪ್ಲೇಟಿನ ಅಗಲ ತೂತು ನನಗೆ ಮೊದಲ ನೋಟಕ್ಕೇ ಕಂಡಿತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ ಎಂದು ಅಲ್ಲಿಯೂ ಸುಮ್ಮನಿದ್ದೆ. ನೋಡು, ನನ್ನ ಬುದ್ಧಿ! ಬೇರೆ ಯಾವುದಾದರೂ ನೆಪ ಹೇಳಿ ಮುಂದಿನದಕ್ಕೆ ಕರೆದೊಯ್ಯೋಣ ಎಂದುಕೊಳ್ಳುವಷ್ಟರಲ್ಲಿ ಅವಳು ಕೂತಾಗಿತ್ತು. ಗಂಜಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎಲ್ಲರೆದುರು, ಒಂದಿಷ್ಟೂ ಮುಜುಗರವಿಲ್ಲದೆ ನಿನ್ನ ಗಂಟು ಬಿಚ್ಚಿದಳು. ನಿನ್ನ ಮಗಳು ಕಣೆ ಅವಳು, ನನ್ನ ಹಾಗಲ್ಲ.

ಆರು ಚೂರು ಚೆನ್ನಾಗಿ ಹೋದವು. ಆಮೇಲೆ ಏಳನೆಯದನ್ನು ತೆಗೆದಳು. ಬೂದು ನೀಲಿ. ಹೊಲಿಗೆ ಬಿಚ್ಚಿದ ಸೂಜಿಯ ಗುರುತುಗಳು ಸಾಲಾಗಿ ಇನ್ನೂ ಇದ್ದವು. ಆ ನಲವತ್ತರಲ್ಲಿ ಒಂದನ್ನು ಕತ್ತರಿಸಿ ಇಷ್ಟು ಕಾಲ ಇಟ್ಟುಕೊಂಡಿದ್ದೆಯಾ ನೀನು? "ಇದು ಕೊನೇದು ಚಿಕ್ಕಮ್ಮ. ಇದರಲ್ಲಿ ಸುಕ್ಕು ಬಂದ್ರೆ ಮಷಿನ್ ಬೈಬೇಡ, ನಿನ್ನ ಕೈ ನೋಡ್ಕೋ ಅಂದಿದ್ದಾಳೆ ಅಮ್ಮ" ಎಂದಳು. ಹೊಲಿದಳು. ಉದ್ದಕ್ಕೂ ಸುಕ್ಕು.

ಮತ್ತೆ ಹೊಲಿದಳು. ಮತ್ತೆ ಅದೇ. ಅವಳು ಎರಡೂ ಕೈಗಳನ್ನು ಮಷಿನ್ನಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಅವುಗಳನ್ನೇ ನೋಡತೊಡಗಿದಳು. ಬೆಳಿಗ್ಗೆಯಿಂದ ಇದ್ದ ಜಂಭವೆಲ್ಲ ಇಳಿದುಹೋಗಿತ್ತು. "ನಂಗೂ ಅಮ್ಮನ ಕೈಯೇ ಬಂದಿದೆ ಅನ್ಸುತ್ತೆ. ಮಷಿನ್ ಬೇಡ ಚಿಕ್ಕಮ್ಮ, ಮನೆಗೆ ಹೋಗೋಣ" ಎಂದು ಎದ್ದಳು. ಚೂರುಗಳನ್ನು ಗಂಟು ಕಟ್ಟಲು ಶುರು ಮಾಡಿದಳು. ಲೇಸನ್ನು ಬಿಗಿಯುತ್ತಿದ್ದ ಆ ಬೆರಳುಗಳು ನಿನ್ನವೇ, ಅಕ್ಕ. ಅದೇ ಉದ್ದ, ಅದೇ ಉಗುರು.

ನಾನು ಅವಳ ಭುಜ ಹಿಡಿದು ಕೂರಿಸಿದೆ. ಇದು ಕೈ ಅಲ್ಲ, ಪ್ಲೇಟು, ಎಂದೆ. ಅಂಗಡಿಯವನನ್ನು ಕರೆದು ಸಣ್ಣ ತೂತಿನ ಪ್ಲೇಟು, ನಯದ ಹಲ್ಲು ಹಾಕಿಸಿದೆ. ಅವಳು ಆ ಚೂರಿನ ಇನ್ನೊಂದು ಅಂಚನ್ನು ಮಡಿಸಿ ಹೊಲಿದಳು. ಒಂದೇ ಒಂದು ಸುಕ್ಕಿಲ್ಲ. ಹೆಬ್ಬೆರಳಲ್ಲಿ ಸವರಿದಳು, ತಿರುಗಿಸಿ ಕೆಳಗೂ ಸವರಿದಳು. ಅವಳ ಮುಖ ಅರಳುತ್ತದೆ ಎಂದು ಕಾದೆ. ಅರಳಿತು ಕೂಡ, ಒಂದು ಗಳಿಗೆ. ಆಮೇಲೆ ನಿಧಾನವಾಗಿ ತಲೆ ಎತ್ತಿ ಕೇಳಿದಳು.

"ಚಿಕ್ಕಮ್ಮ, ಇದು ನಿಂಗೆ ಯಾವಾಗಿಂದ ಗೊತ್ತು?"

ನಾನು ಅವಳ ಮುಖ ನೋಡದೆ ಆ ನೀಲಿ ಚೂರನ್ನು ಮಡಿಸಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅವಳಿಗೆ ಅದೇ ಉತ್ತರವಾಯಿತು. ಅವಳು ಕೂಗಾಡಲಿಲ್ಲ. ಮುಂದಿನ ಎರಡು ಮಷಿನ್ನುಗಳನ್ನು ತಾನೇ ನೋಡಿದಳು. ಕೊನೆಗೆ ತೆಳು ಬಟ್ಟೆಗೆಂದೇ ಮಾಡಿದ, ನಿಧಾನವಾಗಿ ಹೊರಡುವ, ಸದ್ದು ಕಡಿಮೆಯ ಒಂದನ್ನು ಆರಿಸಿದಳು. ರಿಪೇರಿಯವರು ಮನೆಗೆ ಬರುತ್ತಾರೋ ಎಂದು ಕೇಳುವುದನ್ನೂ ಮರೆಯಲಿಲ್ಲ. ಒಳ್ಳೆಯ ಮಷಿನ್ನು ಅದು. ಅವಳು ಆರಿಸಿದ್ದು, ನಾನಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಬಂದು ಕೂರಲಿಲ್ಲ. ಇಳಿಯುವಾಗ ಮಾತ್ರ ಹೇಳಿದಳು: "ಭಾನುವಾರ ಮಷಿನ್ ಮನೆಗೆ ಬರುತ್ತೆ. ಅಷ್ಟರೊಳಗೆ ನೀನು ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ." ಬೆರಳು ತೋರಿಸಿ ಹೇಳಿದ ಹಾಗಿತ್ತು. ಒಂಬತ್ತು ವರ್ಷದವಳಿದ್ದಾಗ ನನ್ನ ಬಾಬಿನ್‌ಗಳಲ್ಲಿ ಗೋಪುರ ಕಟ್ಟುತ್ತಿದ್ದ ಹುಡುಗಿ.

ಕ್ಷಮಿಸು ಎಂದು ಬರೆಯಲು ನಾಲ್ಕು ಸಲ ಪೆನ್ನು ಎತ್ತಿ ಕೆಳಗಿಟ್ಟೆ. ಆ ಮಾತು ಬರೆದರೆ ಓದಿದ ತಕ್ಷಣ, ಹೋಗಲಿ ಬಿಡೇ, ಎಂದುಬಿಡುತ್ತೀಯ. ನಿನ್ನ ಬಾಯಲ್ಲಿ ಅದು ಬೇಗ ಬರುತ್ತದೆ. ಈ ಸಲ ಬೇಗ ಬರುವುದು ಬೇಡ. ಸಿಟ್ಟು ಮಾಡು, ಎಷ್ಟು ದಿನ ಬೇಕೋ ಅಷ್ಟು ದಿನ ಮಾತು ಬಿಡು, ನನ್ನ ಬಗ್ಗೆ ಎಲ್ಲರಿಗೂ ಹೇಳು. ಅಂಗಡಿಯ ಇನ್ನೊಂದು ಬೀಗದ ಕೈಯನ್ನೂ ಈ ಕಾಗದದ ಜೊತೆ ಮಗಳ ಹತ್ತಿರ ಕೊಡುತ್ತಿದ್ದೇನೆ. ನಿನ್ನ ಖಾನೆ ನಾನು ಮುಟ್ಟಿಲ್ಲ, ಬೆರಳಿನ ತೊಡಿಗೆ ಅಲ್ಲೇ ಇದೆ. ನಾನು ಇರುವಾಗ ಬರಲು ಮನಸ್ಸಿಲ್ಲದಿದ್ದರೆ ಹೇಳಿ ಕಳಿಸು, ಆ ಹೊತ್ತು ನಾನು ಇರುವುದಿಲ್ಲ.

ಲಕೋಟೆಯಲ್ಲಿ ಭಾರವಾಗಿ ಕೈಗೆ ಸಿಗುವುದು ಆ ಪ್ಲೇಟು. ಗುಂಡಿ ಡಬ್ಬಿಯ ತಳದಲ್ಲಿ ಇಟ್ಟಿದ್ದೆ, ಎಸೆಯಲು ಆಗಲಿಲ್ಲ. ಬೆಳಕಿಗೆ ಹಿಡಿದು ತೂತನ್ನು ನೋಡು. ಆಮೇಲೆ ಮಗಳ ಮಷಿನ್ನಿನ ಪ್ಲೇಟಿನ ಪಕ್ಕ ಇಟ್ಟು ನೋಡು. ನನ್ನ ಮಾತನ್ನು ನಂಬಬೇಕಾಗಿಲ್ಲ, ನಿನ್ನ ಕಣ್ಣನ್ನು ನಂಬು. ಜೊತೆಗೆ ಆ ನೀಲಿ ಚೂರೂ ಇದೆ. ಒಂದು ಅಂಚನ್ನು ನಿನ್ನ ಮಗಳು ಹೊಲಿದಿದ್ದಾಳೆ. ಪಕ್ಕದ ಅಂಚು ಹಾಗೇ ಇದೆ. ಅದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ.

ನಿನ್ನ ಕೈಗೆ ಏನೂ ಆಗಿರಲಿಲ್ಲ, ಅಕ್ಕ. ಒಂದು ದಿನವೂ ಆಗಿರಲಿಲ್ಲ.

ಚಿಕ್ಕವಳು ದೊಡ್ಡವರನ್ನು ಹರಸುವ ಹಾಗಿಲ್ಲ. ಆದರೂ ಆ ಕೈ ತಣ್ಣಗಿರಲಿ, ಅದು ಹೊಲಿದದ್ದನ್ನು ತೊಟ್ಟವರು ಚೆನ್ನಾಗಿರಲಿ.

ನೀನು ಹೆಸರಿಟ್ಟು ಕರೆಯುತ್ತಿದ್ದ,
ನಿನ್ನ ಗಡಿಬಿಡಿ